ಡಬ್ಬಿಗೆ ಕಟ್ಟಿದ ಬಾಟಲಿ

ಮಿಸ್ತ್ರಿ ಕಾಕಾ ಅವರ ಮೇಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಕಚ್ಚು ಇತ್ತು. ಹುಟ್ಟಿನಿಂದ ಬಂದದ್ದಲ್ಲ, ಕಬ್ಬಿಣ ಕಚ್ಚಿ ಕಚ್ಚಿ ಸವೆದದ್ದು. ನಲವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಮಗ್ಗುಲಲ್ಲಿ ಕೂತು ಅವರ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಹಾಗಾಗಿ ಹಿಡಿ ಕಳಚಿದ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಓಡುವ ಇಂಜಿನ್ನಿನ ಮೈಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಸದ್ದು ಹಲ್ಲಿನಿಂದ ನೆತ್ತಿಗೆ ಏರುತ್ತಿತ್ತಂತೆ. ಬೇರಿಂಗ್ ಹೋಗಿದೆಯೋ, ರಿಂಗು ಸವೆದಿದೆಯೋ, ಇಂಜಿನ್ ತಂದ ಯಜಮಾನ ಏನಾದರೂ ಮುಚ್ಚಿಡುತ್ತಿದ್ದಾನೋ, ಎಲ್ಲವೂ ಆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಆಮೇಲೆ ಕಬ್ಬಿಣವನ್ನು ಬಾಯಿಂದ ತೆಗೆದು, "ಮನುಷ್ಯಾ ಸುಳ್ಳ ಹೇಳತಾನ್ರಿ, ಮಶೀನ ಹೇಳೂದಿಲ್ಲ" ಎನ್ನುತ್ತಿದ್ದರು.

ಘಟಪ್ರಭಾ ಸ್ಟೇಶನ್ನಿನ ಹಿಂದುಗಡೆ ಅವರ ತಗಡಿನ ಅಂಗಡಿ. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಬ್ಬಿನ ಹೊಲದ ಪಂಪಸೆಟ್ಟು, ಔಷಧ ಹೊಡೆಯುವ ಮಶೀನು, ಹಿಟ್ಟಿನ ಗಿರಣಿಯ ಹಳೇ ಇಂಜಿನ್ನು ಎಲ್ಲ ಅಲ್ಲಿಗೇ ಬರುತ್ತಿದ್ದವು. ರೈಲು ಬಂದದ್ದು ಅವರಿಗೆ ಅಂಗಾಲಿನಿಂದ ತಿಳಿಯುತ್ತಿತ್ತು. "ಮೀರಜ ಗಾಡಿ ಬಂತು, ಚಾ ಹೇಳ್ರಿ" ಎಂದು ಅವರು ಹೇಳಿದ ಮೇಲೆ ನಮ್ಮ ಕಿವಿಗೆ ಸಿಳ್ಳೆ ಕೇಳಿಸುತ್ತಿತ್ತು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ತಾವು ಉಣ್ಣುವ ಸ್ಟೀಲಿನ ತಾಟಿನಲ್ಲೇ, ಬಿಚ್ಚಿದ ಕ್ರಮದಲ್ಲಿ ಸುತ್ತಲೂ ಹೊಂದಿಸಿಡುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಕಾಕೂ ಎನ್ನುತ್ತಿದ್ದವರು, ಉಣ್ಣುವ ತಾಟಿಗೆ ಗ್ರೀಸ್ ಹತ್ತಿತೆಂದು ಬೈದರೆ, "ಆ ತಾಟಿಗೆ ಅನ್ನ ಹಾಕೂವು ಇವ ಅಲ್ಲೇನ?" ಎಂದು ನಗುತ್ತಿದ್ದರು.

ಜಾಮ್ ಆದ ಇಂಜಿನ್ ತಂದವರಿಗೆ ಅವರದು ಒಂದೇ ಮಾತು. "ಸತ್ತಿಲ್ರಿ ಅದು, ಸಿಟ್ಟಿಗೆದ್ದೇತಿ. ಸಿಟ್ಟ ಇಳಿಯೂಮಟಾ ಜುಲುಮಿ ಮಾಡಬ್ಯಾಡ್ರಿ." ಪ್ಲಗ್ಗಿನ ತೂತಿನಿಂದ ಡೀಸೆಲ್ಲು ಮತ್ತು ತೆಳು ಎಣ್ಣೆ ಸುರಿದು, ಗೋಣಿತಟ್ಟು ಹೊದಿಸಿ ಮೂಲೆಗಿಡುತ್ತಿದ್ದರು. ಒಮ್ಮೆ ಬೆಲ್ಲದ ಬಾಗೇವಾಡಿಯ ರೈತನೊಬ್ಬ ತಾಳ್ಮೆಗೆಟ್ಟು, "ಕಾಕಾ, ಎರಡ ಏಟ ಹಾಕಿ ಬಿಡಸ್ರಿ, ಕಬ್ಬ ಒಣಗಾಕತ್ತೇತಿ" ಎಂದು ಸುತ್ತಿಗೆ ಕೈಗೆತ್ತಿಕೊಂಡ. ಇವರು ತಮ್ಮ ಎಡಗೈಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಚಾಚಿ, "ಮೊದಲ ಇದಕ್ಕ ಹಾಕ್ರಿ, ಆಮ್ಯಾಲ ಅದಕ್ಕ" ಎಂದರು. ಆ ರೈತ ಮುಂದೆ ಅವರ ಖಾಯಂ ಗಿರಾಕಿಯಾದ.

ನನಗೆ ಹೊಲವಿಲ್ಲ, ಪಂಪೂ ಇಲ್ಲ. ನಾನು ಮೂಡಲಗಿ ತಾಲೂಕಿನ ಹೊಳೆದಂಡೆಯ ಊರೊಂದರಲ್ಲಿ ವಿಜ್ಞಾನದ ಮಾಸ್ತರ. ಅವರ ಪರಿಚಯ ನನಗಾದದ್ದು ಅವರ ತಮ್ಮನ ಸಾವಿನಿಂದ. ಆ ಸಾವಿಗೆ ಕಾರಣ ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದವರು ಇಬ್ಬರೇ, ಅವರು ಮತ್ತು ನಾನು. ಆ ಇಬ್ಬರಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ.

ಆ ತಮ್ಮ ನಮ್ಮೂರಿನ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವರು. ಮಳೆಗಾಲದಲ್ಲಿ ಆಚೆ ದಂಡೆಯ ತೋಟದ ಮನೆಗಳಿಗೆ ಹಾಲಿನ ಕ್ಯಾನು, ಮೇವಿನ ಹೊರೆ, ಶಾಲೆಗೆ ಬರುವ ಮಕ್ಕಳು ಎಲ್ಲ ಅವರ ದೋಣಿಯಲ್ಲೇ ದಾಟುತ್ತಿದ್ದದ್ದು. ಅವರ ರಟ್ಟೆ ಸೋಲುವುದನ್ನು ನೋಡಲಾರದೆ ಅಣ್ಣ ಒಂದು ಬೋಟಿನ ಮಶೀನು ಮಾಡಿಕೊಟ್ಟಿದ್ದರು. ಹುಕ್ಕೇರಿಯ ಗುಜರಿ ಅಂಗಡಿಯಲ್ಲಿ ತೂಕದ ಮೇಲೆ ಸಿಕ್ಕ ಪರದೇಶದ ಮಾಲು. ದೋಣಿಯ ಹಿಂಬದಿಗೆ ತೂಗುಹಾಕುವಂಥದ್ದು: ಮೇಲೆ ಇಂಜಿನ್, ಕೆಳಗೆ ಉದ್ದನೆಯ ಕಾಲು, ಕಾಲಿನ ತುದಿಗೆ ನೀರನ್ನು ಹಿಂದಕ್ಕೆ ತಳ್ಳುವ ಪಂಖ. ವಯಸ್ಸಿನಲ್ಲಿ ಅದು ಮಿಸ್ತ್ರಿ ಕಾಕಾ ಅವರಿಗಿಂತ ನಾಲ್ಕೈದು ವರ್ಷ ಚಿಕ್ಕದಿರಬಹುದು. ಕಂಪನಿಯ ಹೆಸರು ಬಣ್ಣದ ಜೊತೆಗೇ ಉದುರಿಹೋಗಿತ್ತು. ಇಡೀ ಜಿಲ್ಲೆಯಲ್ಲಿ ಅದರ ಒಂದು ಬಿಡಿಭಾಗ ಸಿಗುವಂತಿರಲಿಲ್ಲ.

ಆ ಮಶೀನಿನ ಕಾಲಿನೊಳಗೆ ಅಂಗೈಯಷ್ಟು ಒಂದು ರಬ್ಬರ್ ಚಕ್ರವಿರುತ್ತದೆ. ಅದು ತಿರುಗಿ ಹೊಳೆಯ ನೀರನ್ನೇ ಮೇಲಕ್ಕೆಳೆದು ಇಂಜಿನ್ನನ್ನು ತಂಪಾಗಿಡುತ್ತದೆ. ಗುಜರಿಯಿಂದ ತಂದಾಗ ಆ ಚಕ್ರ ಪುಡಿಯಾಗಿತ್ತು. ಕಾಕಾ ಸಕ್ಕರೆ ಕಾರ್ಖಾನೆಯವರು ಬಿಸಾಡಿದ ಬೆಲ್ಟಿನ ತುಂಡನ್ನು ತಂದು, ಕ್ಷೌರದ ಬ್ಲೇಡಿನಿಂದ ಎರಡು ದಿನ ಕೂತು ಕೊಯ್ದು, ಆರು ಎಸಳಿನ ಹೊಸ ಚಕ್ರ ಮಾಡಿ ಕೂರಿಸಿದ್ದರು. ಆರು ಮಳೆಗಾಲ ಅದು ತಕರಾರಿಲ್ಲದೆ ತಿರುಗಿತ್ತು.

ಆಮೇಲೆ ಆ ದೊಡ್ಡ ಹೊಳೆ ಬಂತು. ನಮ್ಮ ಭಾಗದವರಿಗೆ ಯಾವ ವರ್ಷದ್ದು ಎಂದು ಹೇಳಬೇಕಾಗಿಲ್ಲ. ದಿಬ್ಬದ ಮೇಲಿದ್ದ ನಮ್ಮ ಶಾಲೆಯೇ ನಿರಾಶ್ರಿತರ ಠಾವಾಯಿತು. ತಮ್ಮ ಎರಡು ದಿನ ದೋಣಿಯಿಂದ ಕೆಳಗಿಳಿಯದೆ ತೋಟದ ಮನೆಗಳಿಂದ ಜನರನ್ನು ತಂದು ತಂದು ಶಾಲೆಯ ಮೆಟ್ಟಿಲಿಗಿಳಿಸಿದರು. ಮೂರನೆಯ ದಿನ ಮಧ್ಯಾಹ್ನ ಪೆಟ್ರೋಲು ಮುಗಿಯಿತು. ಆಚೆ ದಂಡೆಯಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ ಮಾಳಿಗೆಯ ಮೇಲೆ ಕೂತಿದ್ದರು. ಪೆಟ್ರೋಲ್ ಬಂಕು ನೀರಿನಲ್ಲಿ ಮುಳುಗಿತ್ತು, ರಸ್ತೆ ಕಡಿದಿತ್ತು.

ಆಗ ತಲೆ ಓಡಿಸಿದವನು ನಾನು. ಶಾಲೆಯ ಅಂಗಳದಲ್ಲಿ ಹನ್ನೊಂದು ಮೋಟಾರ್ ಸೈಕಲ್ ನಿಂತಿದ್ದವು. ಪ್ರಯೋಗದ ಕಪಾಟಿನಿಂದ ರಬ್ಬರ್ ನಳಿಗೆ ತಂದು, ಬಾಯಿಂದ ಎಳೆದು, ಒಂದೊಂದೇ ಗಾಡಿಯ ಟಾಕಿಯಿಂದ ಪೆಟ್ರೋಲು ತೆಗೆದು ತಮ್ಮನ ಡಬ್ಬಿ ತುಂಬಿಸಿದೆ. ಜನ ಭೇಷ್ ಎಂದರು. ಡಬ್ಬಿಯ ಹಿಡಿಕೆಗೆ ತಂತಿಯಿಂದ ಒಂದು ಬಾಟಲಿ ಕಟ್ಟಿತ್ತು, ಅದರಲ್ಲಿ ದಪ್ಪನೆಯ ನೀಲಿ ಎಣ್ಣೆ. ನಾನು ಮಕ್ಕಳಿಗೆ ಇಂಜಿನ್ನಿನ ಪಾಠ ಹೇಳುವವನು. ಎಣ್ಣೆ ಇಂಜಿನ್ನಿನ ಹೊಟ್ಟೆಗೆ, ಪೆಟ್ರೋಲು ಟಾಕಿಗೆ. ಎರಡೂ ಬೆರೆಯಬಾರದು ಎಂಬುದು ನನಗೆ ಗೊತ್ತಿದ್ದ ವಿದ್ಯೆ. ಗಡಿಬಿಡಿಯಲ್ಲಿ ಯಾರೋ ತಿಳಿಯದವರು ಈ ಎಣ್ಣೆಯನ್ನು ಡಬ್ಬಿಗೆ ಸುರಿದು ಪೆಟ್ರೋಲು ಕೆಡಿಸಿಯಾರು ಎಂದು ತಂತಿ ಬಿಚ್ಚಿ, ಬಾಟಲಿಯನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ತಮ್ಮ ನಿಂತಲ್ಲೇ ರೊಟ್ಟಿ ಸುತ್ತಿ ತಿನ್ನುತ್ತ ಬಂದರು. ಅಣ್ಣನಿಗೆ ಫೋನು ಮಾಡಿ ಏನೋ ಎರಡು ಮಾತಾಡಿದರು. ಡಬ್ಬಿ ಎತ್ತುವಾಗ ಖಾಲಿ ತಂತಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

"ಎಲ್ಲಾ ಬರೋಬರಿ ಐತಲ್ರಿ ಮಾಸ್ತರ?"

"ಬರೋಬರಿ ಐತಿ. ನೀವು ಹೋಗ್ರಿ."

ಮಶೀನು ಹಗ್ಗದ ಒಂದೇ ಎಳೆತಕ್ಕೆ ಚಾಲೂ ಆಯಿತು. ನಾವು ಶಾಲೆಯ ಕಟ್ಟೆಯಿಂದ ನೋಡುತ್ತಿದ್ದೆವು. ಕಬ್ಬಿನ ಸುಳಿಗಳ ಮೇಲಿನಿಂದ ದೋಣಿ ಹೊಳೆಯ ನಡುವಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅದರ ಸದ್ದು ಸಣ್ಣಗಾಗಿ, ಕೀರಲಾಗಿ ಮೇಲೇರಿತು. ಆಮೇಲೆ ಅದು ನಿಂತದ್ದು ಕೂಡಲೇ ನಮಗೆ ತಿಳಿಯಲಿಲ್ಲ. ಬರೀ ನೀರಿನ ಸದ್ದು ಉಳಿದಿದೆ ಎಂಬುದು ಮೊದಲು ಯಾರಿಗೋ ಗೊತ್ತಾಗಿ, "ಮಶೀನ ಬಂದ್ ಆತು" ಎಂದರು. ದೋಣಿ ಅಡ್ಡ ತಿರುಗಿತು. ತಮ್ಮ ಎದ್ದು ನಿಂತು ಹಗ್ಗ ಎಳೆಯುವುದು ಕಂಡಿತು, ಮತ್ತೆ ಎಳೆಯುವುದು, ಮತ್ತೆ. ಆಮೇಲೆ ಹುಟ್ಟು ಹಿಡಿದರು. ಆ ನೀರಿಗೆ ಹುಟ್ಟು ಯಾವ ಲೆಕ್ಕ?

ಮುದುಕ ಮುದುಕಿಯನ್ನು ಮರುದಿನ ಬೇರೆ ದೋಣಿಯವರು ಕರೆತಂದರು. ನೀರಿಳಿದ ಮೇಲೆ ತಮ್ಮನ ದೋಣಿ ಜಾಲಿಯ ಪೊದೆಯಲ್ಲಿ ಸಿಕ್ಕಿತು, ಮಶೀನು ತಲೆಕೆಳಗಾಗಿ ರಾಡಿಯಲ್ಲಿ ಹೂತಿತ್ತು. ತಮ್ಮ ಇನ್ನೂ ಎರಡು ಊರು ಕೆಳಗೆ ಸಿಕ್ಕರು.

ಮಿಸ್ತ್ರಿ ಕಾಕಾ ಮಶೀನನ್ನು ಎತ್ತಿನ ಗಾಡಿಯಲ್ಲಿ ಅಂಗಡಿಗೆ ತರಿಸಿದರು. ನಾನು ಮಾತಾಡಿಸಲು ಹೋದಾಗ ಅವರು ಅದರ ಎದುರು ಕೂತಿದ್ದರು. ಊರಿನ ಮಾತು ಅಷ್ಟರಲ್ಲಿ ಅವರ ಅರ್ಧ ಕಿವಿಗೂ ಮುಟ್ಟಿತ್ತು. ಗುಜರಿ ಮಶೀನು, ಕೈಯಲ್ಲಿ ಕೊಯ್ದ ರಬ್ಬರು. ಅಣ್ಣನ ಕೈಗುಣವೇ ತಮ್ಮನನ್ನು ತಿಂದಿತು. ತಮ್ಮನ ಹೆಂಡತಿ ಬಾಯಿಬಿಟ್ಟು ಹಾಗೇ ಹೇಳಿ ತವರುಮನೆಗೆ, ತುಕ್ಕಾನಟ್ಟಿಗೆ ಹೋಗಿಬಿಟ್ಟಿದ್ದರು. ಕಾಕಾ ಯಾರಿಗೂ ಎದುರು ಮಾತಾಡಲಿಲ್ಲ. ಅವರಿಗೂ ಅದೇ ಅನುಮಾನ.

"ಬಿಚ್ಚಿ ನೋಡೂಮಟಾ ಬ್ಯಾರೆ ಮಶೀನಿಗೆ ಕೈ ಹಚ್ಚೂದಿಲ್ರಿ ಮಾಸ್ತರ" ಎಂದರು. "ನನ್ನ ಕೈ ಕೊಂದತಿ ಅಂದ್ರ, ಆ ಕೈಲಿ ಮತ್ತೊಬ್ಬರ ಮಶೀನ ಹೆಂಗ ಮುಟ್ಟಲಿ?"

ಬಿಚ್ಚುವುದು ಅಷ್ಟು ಸುಲಭವಿರಲಿಲ್ಲ. ರಾಡಿ, ತುಕ್ಕು ಸೇರಿ ಮಶೀನು ಅಡಿಯಿಂದ ಮುಡಿಯವರೆಗೆ ಒಂದೇ ಗಟ್ಟಿಯಾಗಿತ್ತು. ಇಂಜಿನ್ ತಿರುಗುತ್ತಿರಲಿಲ್ಲ, ಕಾಲು ಕಳಚುತ್ತಿರಲಿಲ್ಲ. ಸುತ್ತಿಗೆ, ಬೆಂಕಿ ಹಿಡಿದರೆ ಅರ್ಧ ದಿನದ ಕೆಲಸ. ಆದರೆ ಏಟಿಗೆ ಒಳಗಿನ ರಬ್ಬರು ಹರಿದರೆ, ಅದು ಹೊಳೆಯಲ್ಲಿ ಹರಿದದ್ದೋ ಈಗ ಹರಿದದ್ದೋ ಎಂದು ಯಾವತ್ತಿಗೂ ತಿಳಿಯುವುದಿಲ್ಲ. ಪಿಸ್ಟನ್ನನ್ನು ಜುಲುಮೆಯಿಂದ ಎಳೆದರೆ ಹಳೆಯ ಗೀರಿನ ಮೇಲೆ ಹೊಸ ಗೀರು ಬೀಳುತ್ತದೆ. ಹಾಗಾಗಿ ಅವರು ಎಣ್ಣೆ ಸುರಿದು ಕಾಯತೊಡಗಿದರು. ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅಂಗಡಿಗೆ ಬಂದು, ಇಂಜಿನ್ ತಿರುಗಿಸುವ ಮೇಲಿನ ಕಬ್ಬಿಣದ ಚಕ್ರಕ್ಕೆ ಅಂಗೈ ಇಟ್ಟು ಒಮ್ಮೆ ಒತ್ತುತ್ತಿದ್ದರು. ಅಲುಗದಿದ್ದರೆ ಇನ್ನೆರಡು ಚಮಚ ಎಣ್ಣೆ. ಅಷ್ಟಕ್ಕೆ ಆ ದಿನದ ಕೆಲಸ ಮುಗಿಯಿತು.

ಇತ್ತ ನನಗೆ ಶಾಲು ಹೊದಿಸಿದರು. ಧ್ವಜ ಹಾರಿಸಿದ ದಿನ, ಸಮಯಪ್ರಜ್ಞೆ ಮೆರೆದ ಶಿಕ್ಷಕ ಎಂದು ಭಾಷಣವಾಯಿತು. ನಾನು ಹೆಮ್ಮೆಪಟ್ಟೆ, ಸುಳ್ಳೇಕೆ ಹೇಳಲಿ. ಆ ಹೆಮ್ಮೆಯಲ್ಲೇ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಿಸ್ತ್ರಿ ಕಾಕಾ ಅವರ ಬಳಿ ಹೋಗಿ ಕೂರುವ ರೂಢಿ ಮಾಡಿಕೊಂಡೆ. ದುಃಖದಲ್ಲಿರುವ ಹಿರಿಯರಿಗೆ ಓದಿದವನೊಬ್ಬ ಜೊತೆಗಿದ್ದರೆ ಧೈರ್ಯ ಎಂದು ನನ್ನ ಎಣಿಕೆ.

ಮೂರನೆಯದೋ ನಾಲ್ಕನೆಯದೋ ಶನಿವಾರ, ಚಹಾ ಕುಡಿಯುತ್ತ, ಅವರು ಇದ್ದಕ್ಕಿದ್ದಂತೆ ಹೇಳಿದರು: "ಈ ಮಶೀನಿಗೆ ಎಣ್ಣಿ ಹಾಕಾಕ ಬ್ಯಾರೆ ಜಾಗಾ ಇಲ್ರಿ. ಪೆಟ್ರೋಲದಾಗ ಕೂಡಿಸಿ ಹಾಕಬೇಕು. ಹಳೇ ಸ್ಕೂಟರ ಇದ್ದೂವಲ್ಲ, ಹಂಗ. ಎಣ್ಣಿ ಇಲ್ಲಂದ್ರ ಹತ್ತ ಹದಿನೈದು ಮಿನಿಟಿನ್ಯಾಗ ಒಣಗಿ ಹಿಡಕೊಂಡಬಿಡತೈತಿ."

ನಾನು ಲೋಟ ಕೆಳಗಿಟ್ಟೆ.

"ಅದಕ್ಕ ನಾವಿಬ್ಬರೂ ಒಂದು ಗುರುತ ಮಾಡಿದ್ವಿ. ಎಣ್ಣಿ ಬಾಟಲಿ ಡಬ್ಬಿಗೆ ಕಟ್ಟಿತ್ತಂದ್ರ ಇನ್ನೂ ಕೂಡಿಸಿಲ್ಲ ಅಂತ. ತಂತಿ ಬಿಚ್ಚಿತ್ತಂದ್ರ ಕೂಡಿಸೇತಿ ಅಂತ. ಕತ್ತಲಿದ್ರೂ ಕೈಲಿ ಮುಟ್ಟಿ ತಿಳಕೋಬಹುದಲ್ರಿ. ಆರು ವರ್ಷ ಒಂದ ದಿನಾನೂ ತಪ್ಪಿಲ್ಲ. ಹಂಗಾಗಿ ಎಣ್ಣೀದು ಅಲ್ಲ. ನನ್ನ ರಬ್ಬರದ ಇರಬೇಕು."

ಖಾಲಿ ತಂತಿಯನ್ನು ಮುಟ್ಟಿದ ಆ ಬೆರಳು ನನ್ನ ಕಣ್ಣ ಮುಂದೆ ಬಂತು. ನಾನು ಏನು ಹೇಳಿ ಎದ್ದು ಬಂದೆನೋ ನೆನಪಿಲ್ಲ. ಸೋಮವಾರ ಪ್ರಾರ್ಥನೆಗೆ ಮೊದಲೇ ಹೋಗಿ ಕಪಾಟು ತೆಗೆದೆ. ಭೂತಗನ್ನಡಿ, ದಿಕ್ಸೂಚಿಗಳ ನಡುವೆ ಬಾಟಲಿ ಇತ್ತು, ಬಿರಡೆಯವರೆಗೆ ತುಂಬಿದ್ದದ್ದು ತುಂಬಿದ ಹಾಗೇ. ತಿಳಿಯದವರು ಯಾರು ಎಂಬುದು ನನಗೆ ಅಂದು ತಿಳಿಯಿತು. ನಮ್ಮ ತಂದೆಯ ಕಾಲದ ಸ್ಕೂಟರ್ ಸವಾರರಿಗೆಲ್ಲ ಗೊತ್ತಿದ್ದ ಸಂಗತಿ ವಿಜ್ಞಾನದ ಮಾಸ್ತರನಿಗೆ ಗೊತ್ತಿರಲಿಲ್ಲ.

ಅಂದಿನಿಂದ ನನಗೆ ಸದ್ದುಗಳ ಕಾಟ ಶುರುವಾಯಿತು. ಶಾಲೆಯ ಹಿಂದೆ ಒಂದು ಹಿಟ್ಟಿನ ಗಿರಣಿಯಿದೆ. ಅದು ಓಡುತ್ತಿರುವವರೆಗೆ ಪಾಠ ಮಾಡುತ್ತಿದ್ದೆ. ಅದು ನಿಂತ ಕೂಡಲೇ ನನ್ನ ಸೀಮೆಸುಣ್ಣವೂ ನಿಲ್ಲುತ್ತಿತ್ತು. ಮಕ್ಕಳು ನನ್ನ ಮುಖ ನೋಡುತ್ತಿದ್ದರು. ನಾನು ಕಿಟಕಿಯಾಚೆ ಹೊಳೆಯ ಕಡೆ ನೋಡುತ್ತ, ಯಾರೋ ಹಗ್ಗ ಎಳೆಯುವುದಕ್ಕೆ ಕಾಯುತ್ತಿದ್ದೆ.

ಶನಿವಾರ ಹೋಗುವುದನ್ನು ಮಾತ್ರ ಬಿಡಲಿಲ್ಲ. ಈಗ ಹೋಗುತ್ತಿದ್ದದ್ದು ಭಯಕ್ಕೆ. ಮಶೀನು ಬಿಟ್ಟುಕೊಂಡರೆ ನಾನು ಸಿಕ್ಕಿಬೀಳುತ್ತೇನೆ, ಬಿಟ್ಟುಕೊಳ್ಳದಿದ್ದರೆ ಈ ಮನುಷ್ಯ ತನ್ನ ಕೈಯೇ ತಮ್ಮನನ್ನು ಕೊಂದಿತೆಂದು ನಂಬಿ ಸಾಯುತ್ತಾನೆ. ಎರಡರಲ್ಲಿ ನಾನು ಯಾವುದನ್ನು ಬೇಡಿಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕಾಕೂ ಒಂದು ದಿನ ಬಾಗಿಲ ಬಳಿ ನನ್ನನ್ನು ತಡೆದು ಕಣ್ಣೀರು ಹಾಕಿದರು. "ಅವರು ನಿಮ್ಮ ಮಾತ ಕೇಳತಾರ್ರಿ. ಆ ಪೀಡಾ ಗುಜರಿಗೆ ಹಾಕಾಕ ಹೇಳ್ರಿ. ಉಣ್ಣೂದು ಬಿಟ್ಟಾರ." ನನಗೆ ಇಷ್ಟೇ ಬೇಕಾಗಿತ್ತು. ಮುಂದಿನ ಶನಿವಾರ ಗೋಕಾಕಿನಿಂದ ಒಬ್ಬ ಗುಜರಿಯವನನ್ನು ತಕ್ಕಡಿ ಸಮೇತ ಕರೆದುಕೊಂಡೇ ಹೋದೆ.

ಕಾಕಾ ಅವನಿಗೆ ಚಹಾ ತರಿಸಿ ಕೊಟ್ಟರು, ಊರು ಮನೆ ವಿಚಾರಿಸಿದರು, ಕೈಮುಗಿದು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದರು: "ಮಾಸ್ತರ, ನಿಮಗೂ ತ್ರಾಸ ಆಗಾಕತ್ತೇತಿ ಅಂತ ಗೊತ್ತೈತ್ರಿ. ಇನ್ನೊಂದೀಟ ತಡೀರಿ."

ದಸರೆ ಹೋಯಿತು, ದೀಪಾವಳಿ ಹೋಯಿತು, ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿದವು. ಗಿರಾಕಿಗಳು ಬೇರೆ ಕಡೆ ಹೋಗತೊಡಗಿದರು. ಬಾಗೇವಾಡಿಯ ಆ ರೈತ ಮಾತ್ರ ತನ್ನ ಪಂಪನ್ನು ತಂದು ಅಂಗಡಿಯ ಮುಂದಿಟ್ಟು, "ನೀವು ಕೈ ಹಚ್ಚೂಮಟಾ ಇಲ್ಲೇ ಇರ್ಲಿ" ಎಂದು ಹೋಗಿದ್ದ.

ಸಂಕ್ರಾಂತಿಯ ಹಿಂದಿನ ಶನಿವಾರ ನಾನು ಹೋದಾಗ ಅವರು ಸ್ಕ್ರೂಡ್ರೈವರನ್ನು ಕಚ್ಚಿ, ಮಶೀನಿಗೆ ಆನಿಸಿ, ಅಂಗೈಯಿಂದ ಮೇಲಿನ ಚಕ್ರವನ್ನು ಒತ್ತುತ್ತಿದ್ದರು. ಓಡದ ಇಂಜಿನ್ನಿನಲ್ಲಿ ಏನು ಕೇಳಿಸುತ್ತದೋ. ಕೈ ಎತ್ತಿ ನನಗೆ ನಿಲ್ಲಲು ಸನ್ನೆ ಮಾಡಿದರು. ಆಮೇಲೆ ಬೆರಳಿನ ನೆಟಿಗೆ ಮುರಿದಂಥ ಒಂದು ಸಣ್ಣ ಸದ್ದು, ನನಗೂ ಕೇಳಿಸಿತು. ಚಕ್ರ ಅರ್ಧ ಬೆರಳಷ್ಟು ತಿರುಗಿತು.

ಅವರು ಅವಸರ ಮಾಡಲಿಲ್ಲ. ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ತೂಗುತ್ತ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ತಿರುಗಿಸಿದರು. ಒಳಗಿನ ದಂಡ ತಿರುಗಿದ ಮೇಲೆ ಕಾಲು ತಾನಾಗಿ ಸಡಿಲವಾಯಿತು. ಒಂದೊಂದೇ ಬೋಲ್ಟನ್ನು ತಾಟಿನಲ್ಲಿಟ್ಟು, ಕಾಲನ್ನು ಕಳಚಿ, ಮುಚ್ಚಳ ತೆಗೆದರು. ರಾಡಿಯನ್ನು ಬ್ರಶ್ಶಿನಿಂದ ತೊಳೆದರು. ಒಳಗೆ ಕರಿಯ ರಬ್ಬರ್ ಚಕ್ರ ಕೂತಿತ್ತು. ಅವರು ಬೆರಳಿಟ್ಟು ಎಣಿಸಿದರು. ಆರೂ ಎಸಳು ನೆಟ್ಟಗಿದ್ದವು, ಒಂದು ಸೀಳೂ ಇರಲಿಲ್ಲ.

ಅವರ ಮುಖ ಅರಳೀತು ಎಂದು ನಾನು ನೋಡುತ್ತಿದ್ದೆ. ಅರಳಲಿಲ್ಲ. ಚಕ್ರವನ್ನು ಒರೆಸಿ ತಾಟಿನ ನಡುವೆ ಇಟ್ಟರು. ಆಮೇಲೆ ಮೇಲಿನ ಇಂಜಿನ್ ಬಿಚ್ಚಿ ಪಿಸ್ಟನ್ ಹೊರತೆಗೆದು ಬಟ್ಟೆಯಿಂದ ಒರೆಸಿದರು. ಅದರ ಮೈಮೇಲೆಲ್ಲ ಉದ್ದುದ್ದ ಗೀರು, ಅಲ್ಲಲ್ಲಿ ಲೋಹ ಕರಗಿ ಮೆತ್ತಿಕೊಂಡಿತ್ತು. ಬೇರಿಂಗು ಕಾದು ನೀಲಿಗಟ್ಟಿತ್ತು. ಅವರು ಅದನ್ನು ಮೂಗಿನ ಬಳಿ ಹಿಡಿದರು, ಕೆಳಗಿಟ್ಟರು.

"ಎಣ್ಣಿ ಇಲ್ಲದ ಓಡೇತಿ" ಎಂದರು. ನನ್ನ ಕಡೆ ನೋಡದೆ, ಗೋಡೆಗೆ ಹೇಳಿದ ಹಾಗೆ.

ನನ್ನ ಬಾಯಿಂದ ಮಾತು ಹೇಗೆ ಹೊರಟಿತೋ. "ಕಾಕಾ, ಬಾಟಲಿ ಬಿಚ್ಚಿದ್ದು ನಾನು. ಪೆಟ್ರೋಲು ಕೆಡತೈತಿ ಅಂತ ಬಿಚ್ಚಿ ಇಟ್ಟೆ. ಬಾಟಲಿ ಇನ್ನೂ ತುಂಬೇ ಐತಿ, ನಮ್ಮ ಸಾಲ್ಯಾಗ."

"ಬಾಟಲಿ ಬಿಚ್ಚಿದ್ದು ಗೊತ್ತಿರಲಿಲ್ರಿ. ಡಬ್ಬಿ ನೀವ ತುಂಬಿದ್ದು ಗೊತ್ತಿತ್ತು. ಹೊಂಡೂಕಿಂತ ಮೊದಲ ಅಂವ ಫೋನ್ ಮಾಡಿದ್ದ. ಮಾಸ್ತರ ಗಾಡಿಗೋಳ ಪೆಟ್ರೋಲ ತಗದು ಕೊಟ್ಟಾರ, ಭಾಳ ಶಾಣ್ಯಾ ಅದಾರ ಅಂದ."

ನಾನು ಅತ್ತೆ. ಅವರು ಅಳುವವನನ್ನು ಸಮಾಧಾನಪಡಿಸುವ ಮನುಷ್ಯರಲ್ಲ. ಪಿಸ್ಟನ್ನನ್ನು ಒರೆಸುತ್ತಲೇ ಇದ್ದರು.

"ತಪ್ಪ ನಂದ, ಇಲ್ಲಾ ನಿಮ್ಮದು, ಎರಡರಾಗ ಒಂದು ಅಂತ ಮೊದಲನೇ ದಿನದಿಂದ ಗೊತ್ತಿತ್ತು. ನಂದ ಆಗಲಿ ಅಂತ ದಿನಾ ಬೇಡಕೊಂಡೇನ್ರಿ ಮಾಸ್ತರ. ನಂದು ಅರವತ್ತ ದಾಟೇತಿ, ಹೊತಗೊಂಡ ಹೋಗತಿದ್ದೆ. ನೀವು ಇನ್ನ ಇಪ್ಪತ್ತೈದು ವರ್ಷ ಹುಡುಗರ ಮುಂದ ನಿಲ್ಲೂರು."

ಎಣ್ಣೆ ಬಾಟಲಿಯ ಮಾತನ್ನು ಅವರು ಮಳೆಗಾಲದ ಆ ಶನಿವಾರ ಸುಮ್ಮನೆ ಎತ್ತಿದ್ದರೋ, ನನಗೆ ಬಾಯಿಬಿಡಲು ದಾರಿ ಮಾಡಿಕೊಟ್ಟಿದ್ದರೋ, ನಾನು ಇಂದಿಗೂ ತೀರ್ಮಾನಿಸಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅವರು ಎದ್ದು ಗೂಡಿನಿಂದ ಬ್ಲೇಡು ತೆಗೆದರು. ಆ ರಬ್ಬರ್ ಚಕ್ರವನ್ನು ಅಡಿಗಲ್ಲಿನ ಮೇಲಿಟ್ಟು, ನನ್ನ ಕಣ್ಣೆದುರೇ, ಎರಡು ಎಸಳನ್ನು ಬುಡದಿಂದ ಕೊಯ್ದರು. ಕೊಯ್ದ ಅಂಚು ಹೊಸದಾಗಿ ಕಾಣಬಾರದೆಂದು ಕಲ್ಲಿಗೆ ತಿಕ್ಕಿ, ರಾಡಿ ಸವರಿದರು. ಮಶೀನು ಸುಳ್ಳು ಹೇಳುವುದಿಲ್ಲ ಎಂದು ನಂಬಿ ಬದುಕಿದ್ದ ಮನುಷ್ಯ ಅದಕ್ಕೆ ಸುಳ್ಳು ಕಲಿಸುತ್ತಿದ್ದರು. ಬಾಗಿಲ ಪಕ್ಕದ ಮೊಳೆಗೆ, ಬಂದವರಿಗೆಲ್ಲ ಕಾಣುವಂತೆ, ಆ ಚಕ್ರವನ್ನು ತೂಗುಹಾಕಿದರು.

"ನಾನೇ ಎಲ್ಲರಿಗೂ ಹೇಳತೇನಿ ಕಾಕಾ" ಎಂದೆ.

"ಹೇಳಬ್ಯಾಡ್ರಿ. ಒಂದ ಜೀವ ಹೋಗೇತಿ. ಇನ್ನೊಂದರ ಕೆಲಸ, ಮಾನ ಕಳದು ಏನ ಮಾಡೂದೈತಿ? ಗಪ್ ಇರ್ರಿ."

ಹಿರಿಯರ ಮಾತು ಮೀರಬಾರದು ಎಂಬ ಗಾದೆ ನನಗೆ ಆ ದಿನ ಬಹಳ ಹಿಡಿಸಿತು. ನಾನು ಗಪ್ ಇದ್ದೆ.

ಸಂಕ್ರಾಂತಿಯ ಮರುದಿನ ಅವರು ಬಾಗೇವಾಡಿಯವನ ಪಂಪು ಬಿಚ್ಚಿದರು. ಕಾಕೂ ಸ್ಟೀಲಿನ ತಾಟು ತೊಳೆದು ತಂದು ತಾವೇ ಪಕ್ಕದಲ್ಲಿಟ್ಟರು. ಆಮೇಲೆ ಮೂರು ವರ್ಷ ಅವರು ಕೆಲಸ ಮಾಡಿದರು. ಹೊಸಬರು ಮೊಳೆಯ ಮೇಲಿನ ಚಕ್ರ ನೋಡಿ ಇದೇನೆಂದು ಕೇಳಿದರೆ, "ಇದು ನನ್ನ ಕೈಕೆಲಸರೀ. ಇದರಿಂದ ನನ್ನ ತಮ್ಮ ಹೋದ" ಎನ್ನುತ್ತಿದ್ದರು. ಕೆಲವರು ಅಲ್ಲಿಂದಲೇ ತಮ್ಮ ಮಶೀನು ಎತ್ತಿಕೊಂಡು ಹೊರಡುತ್ತಿದ್ದರು. ಶನಿವಾರ ನಾನು ಎದುರಿಗೇ ಕೂತಿದ್ದಾಗಲೂ ಅವರು ಅದನ್ನು ಹಾಗೇ, ಅದೇ ದನಿಯಲ್ಲಿ ಹೇಳುತ್ತಿದ್ದರು. ನನ್ನ ಕಡೆ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಆಮೇಲೆ, "ಚಾ ಆರಾಕತ್ತೇತಿ, ಕುಡೀರಿ" ಎನ್ನುತ್ತಿದ್ದರು.

ಹೋದ ಮಳೆಗಾಲದ ಕೊನೆಗೆ ಅವರಿಗೆ ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಯ ಹಾಸಿಗೆಯ ಬಳಿ ನಾನು ಎರಡು ದಿನ ಕೂತಿದ್ದೆ. ಎರಡನೆಯ ದಿನ ಸಂಜೆ ಅವರು ಕಣ್ಣು ತೆರೆದು, ಮಂಚದ ಕಬ್ಬಿಣಕ್ಕೆ ಬೆರಳಿಟ್ಟು, "ಗಾಡಿ ಬಂತು ನೋಡ್ರಿ" ಎಂದರು. ಯಾವ ಗಾಡಿಯೂ ಬಂದಿರಲಿಲ್ಲ. ಬೆಳಗಾಗುವುದರೊಳಗೆ ಹೋದರು. ಕೂರಿಸಿ, ಕೊರಳಿಗೆ ಹೂವು ಹಾಕಿದ್ದರು; ಬಾಯಿ ತುಸು ತೆರೆದು ಆ ಹಲ್ಲಿನ ಕಚ್ಚು ಕಾಣುತ್ತಿತ್ತು. ಮಣ್ಣು ಹಾಕಲು ನೂರಾರು ಜನ ಬಂದಿದ್ದರು. ನನ್ನ ಪಕ್ಕದಲ್ಲಿ ನಿಂತವರೊಬ್ಬರು, "ಭಾಳ ಚಲೋ ಮನುಷ್ಯಾ. ಅದೊಂದ ತಪ್ಪ ಮಾಡಿದ್ನೋ ಏನೋ" ಎಂದರು. ನಾನು ಮುಷ್ಟಿ ಮಣ್ಣು ಹಾಕಿ ಹಿಂದೆ ಸರಿದೆ.

ಆದರೆ ಅವರ ಮಾತು ನಡೆಸುವುದು ಅವರು ಇರುವವರೆಗೆ ಮಾತ್ರ ಸಾಧ್ಯವಾಯಿತು. ಗಿರಣಿ ನಿಂತಾಗಲೆಲ್ಲ ಈಗ ಇಬ್ಬರು ಕಾಣುತ್ತಾರೆ. ಹದಿನೈದು ದಿನ ಒದ್ದಾಡಿ, ಒಂದು ಭಾನುವಾರ ಬೆಳಿಗ್ಗೆ ತುಕ್ಕಾನಟ್ಟಿಗೆ ಹೋದೆ. ತಮ್ಮನ ಹೆಂಡತಿ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದರು. ನನ್ನ ಗುರುತು ಹಿಡಿದು ಮಣೆ ಹಾಕಿದರು. ನಾನು ಕೂರದೆ, ನಿಂತೇ, ಡಬ್ಬಿಯಿಂದ ಹಿಡಿದು ಬ್ಲೇಡಿನವರೆಗೆ ಎಲ್ಲವನ್ನೂ ಹೇಳಿದೆ. ಅವರ ಗಂಡ ಕೊನೆಯದಾಗಿ ಕೇಳಿದ ಮಾತನ್ನೂ, ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

ಅವರು ತೆನೆ ಬಿಡಿಸುತ್ತಲೇ ಇದ್ದರು. ಕೈಯಲ್ಲಿದ್ದದ್ದು ಬರಿದಾಯಿತು, ಆದರೂ ಬೆರಳು ತಿಕ್ಕುತ್ತಲೇ ಇದ್ದವು. ಬೈಯುತ್ತಾರೆ, ಬೈಯಲಿ ಎಂದು ಕಾಯುತ್ತಿದ್ದೆ. ಬೈಯಲಿಲ್ಲ.

"ನಮ್ಮ ಭಾವ ಎರಡ ಸಲ ಬಂದಿದ್ರು ಇಲ್ಲಿಗೆ" ಎಂದರು. "ಇದ ಅಂಗಳದಾಗ ನಿಂತಿದ್ರು. ನಾ ಹೊರಗ ಬರಲಿಲ್ಲ."

ಬರಿದಾದ ದಿಂಡನ್ನು ಬುಟ್ಟಿಗೆ ಹಾಕಿದರು. ಇನ್ನೊಂದು ತೆನೆ ಎತ್ತಿಕೊಳ್ಳಲಿಲ್ಲ.

"ಅವರ ಮಣ್ಣಿಗೂ ಹೋಗಲಿಲ್ರಿ ಮಾಸ್ತರ ನಾ."